ಗಿಟಾರ್ ಮಾಡುವವರ ಹತಾರ ಪೆಟ್ಟಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಅಕೌಸ್ಟಿಕ್ ಗಿಟಾರಿನ ಒಳರಚನೆಯ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಹತಾರಗಳ ಬಗ್ಗೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿಯಾಗಿ ಹತಾರಗಳಿಗೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ.

ಪ್ರಶ್ನೆ: ಅಮೆರಿಕದ ಕಂಪನಿಯೊಂದರ ಗಿಟಾರ್ ಹತಾರಗಳ ಪಟ್ಟಿ ನೋಡಿದೆ. ಎಲ್ಲವನ್ನೂ ತರಿಸಿಕೊಳ್ಳುವ ದುಡ್ಡಿಗೆ ಹೊಸ ಬೈಕೇ ಬರುತ್ತದೆ. ನನ್ನ ಹತ್ತಿರ ಇರುವುದು 15,000 ರೂಪಾಯಿ. ಯಾವುದನ್ನು ಕೊಳ್ಳಲಿ, ಯಾವುದನ್ನು ನಾನೇ ಮಾಡಿಕೊಳ್ಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅಳೆಯುವ ಹತಾರಗಳನ್ನು ಕೊಳ್ಳಿ, ಹಿಡಿಯುವ, ಒತ್ತುವ ಹತಾರಗಳನ್ನು ಮಾಡಿಕೊಳ್ಳಿ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಕ್ಕಿಲ್ಲ. ಅಂಟು ಒಣಗುವ ತನಕ ಎರಡು ಹಲಗೆಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ವಿದೇಶದ್ದಾದರೂ ಒಂದೇ, ಹಳೆಯ ಸೈಕಲ್ ಟ್ಯೂಬಿನದ್ದಾದರೂ ಒಂದೇ. ಬೆಸುಗೆ ಬಿಗಿಯಾಗಿ ಕೂತರೆ ಅದರ ಕೆಲಸ ಮುಗಿಯಿತು. ಆದರೆ ಅಳತೆಪಟ್ಟಿ ಅರ್ಧ ಮಿಲಿಮೀಟರ್ ತಪ್ಪು ತೋರಿಸಿದರೆ ಆ ತಪ್ಪು ನೀವು ಮಾಡುವ ಪ್ರತಿಯೊಂದು ಗಿಟಾರಿನ ಶ್ರುತಿಯಲ್ಲೂ ಕೇಳಿಸುತ್ತದೆ.

ಕೊಳ್ಳಬೇಕಾದವು ಇವು: ಅಂಚು ನಿಜವಾಗಿ ನೇರವಾಗಿರುವ 60 ಸೆಂ.ಮೀ.ನ ಉಕ್ಕಿನ ಪಟ್ಟಿ, ಒಂದು ಮೀಟರಿನ ಉಕ್ಕಿನ ಸ್ಕೇಲು, ಡಿಜಿಟಲ್ ವರ್ನಿಯರ್, ಒಂದು ಡಯಲ್ ಗೇಜು (ಸೂಕ್ಷ್ಮ ಅಳತೆಯನ್ನು ಮುಳ್ಳಿನಿಂದ ತೋರಿಸುವ ಮಾಪಕ), ಫ್ರೆಟ್ (ಗಿಟಾರಿನ ಕತ್ತಾದ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಕೂರುವ ಗಾಡಿಯನ್ನು (ತೋಡನ್ನು) ಕೊಯ್ಯುವ ಸಣ್ಣ ಗರಗಸ, ಫ್ರೆಟ್ಟಿನ ತಲೆಯನ್ನು ದುಂಡಗೆ ಮಾಡುವ ಅರ. ಇವುಗಳ ಜೊತೆಗೆ ಅಂಗೈಯಲ್ಲಿ ಹಿಡಿಯುವಂಥ ಒಂದು ಚಿಕ್ಕ ಕೀಸುಳಿ, ಅರ್ಧ ಇಂಚಿನ ಒಂದು ಒಳ್ಳೆಯ ಉಳಿ. ನಿಮ್ಮ ಹಣದ ಮುಕ್ಕಾಲು ಪಾಲು ಇಲ್ಲಿಗೇ ಹೋಗಲಿ, ಚಿಂತೆಯಿಲ್ಲ.

ಸಮತಟ್ಟಿನ ಪರೀಕ್ಷೆಗೆ ಬೇರೆ ಏನನ್ನೂ ಕೊಳ್ಳುವ ಅಗತ್ಯವಿಲ್ಲ. ಗಾಜಿನ ಅಂಗಡಿಗೆ ಹೋಗಿ 10 ಮಿ.ಮೀ. ದಪ್ಪದ ಗಾಜಿನ ಕತ್ತರಿಸಿ ಉಳಿದ ತುಂಡು ಕೇಳಿ. ಇಂದಿನ ಹಾಳೆ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ತಯಾರಿಸುತ್ತಾರೆ; ನಮ್ಮ ಕೆಲಸಕ್ಕೆ ಬೇಕಾದಷ್ಟು ಸಮತಟ್ಟು ಅದರಲ್ಲಿ ಇರುತ್ತದೆ. ಅದರ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿದರೆ ಉಳಿ ಹರಿತ ಮಾಡುವ ಸಾಣೆಯೂ ಅದೇ, ಹಲಗೆಯ ಅಂಚನ್ನು ಉಜ್ಜಿ ನೇರ ಮಾಡುವ ಪೀಠವೂ ಅದೇ. ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಚೌಕ ಪೈಪಿನ ಒಂದು ತುಂಡನ್ನು ಇದೇ ಗಾಜಿನ ಮೇಲೆ ಪರೀಕ್ಷಿಸಿ, ಅದಕ್ಕೆ ಸ್ಯಾಂಡ್ ಪೇಪರ್ ಅಂಟಿಸಿಕೊಂಡರೆ ಫ್ರೆಟ್ಟುಗಳನ್ನು ಒಂದೇ ಮಟ್ಟಕ್ಕೆ ತರುವ ಸಾಧನವೂ ಸಿದ್ಧ.

ಇನ್ನು ಮಾಡಿಕೊಳ್ಳಬೇಕಾದವು. ಇದರಲ್ಲಿ ನನಗೆ ತುಂಬ ಪ್ರೀತಿಯದು ಬಿಲ್ಲುಕೋಲಿನ ಮಂಚ. ಕೆಳಗೊಂದು ಗಟ್ಟಿ ಪ್ಲೈವುಡ್ ಹಲಗೆ, ಸುಮಾರು 60 ಸೆಂ.ಮೀ. ಮೇಲೆ ಅದೇ ಅಳತೆಯ ಇನ್ನೊಂದು ಹಲಗೆ, ನಾಲ್ಕು ಮೂಲೆಗೆ ದಪ್ಪ ಬೋಲ್ಟ್ ಕಡ್ಡಿಗಳು. ಗಿಟಾರಿನ ಮುಖದ ಹಲಗೆಗೆ ಒಳಗಿನ ಆಧಾರಪಟ್ಟಿಗಳನ್ನು, ಅಂದರೆ ಬ್ರೇಸುಗಳನ್ನು, ಅಂಟಿಸುವಾಗ ಅದನ್ನು ಕೆಳಗಿನ ಹಲಗೆಯ ಮೇಲಿಟ್ಟು, ಎರಡು ಹಲಗೆಗಳ ನಡುವಿನ ಅಂತರಕ್ಕಿಂತ ಮೂರ್ನಾಲ್ಕು ಸೆಂ.ಮೀ. ಉದ್ದವಿರುವ ಕೋಲುಗಳನ್ನು ಬಗ್ಗಿಸಿ ನಿಲ್ಲಿಸುತ್ತೇವೆ. ಕೋಲು ನೆಟ್ಟಗಾಗಲು ಹವಣಿಸುತ್ತಾ ಬ್ರೇಸನ್ನು ಒತ್ತುತ್ತದೆ. ಹೊರದೇಶದವರು ಇದಕ್ಕೆ ಫೈಬರ್ ಗ್ಲಾಸ್ ಕಡ್ಡಿ ಕೊಳ್ಳುತ್ತಾರೆ. ನಮ್ಮಲ್ಲಿ ಬಿದಿರಿದೆ. ಬಲಿತು ಒಣಗಿದ ಬಿದಿರನ್ನು ಸೀಳಿ, ಬೆರಳಗಲದ ಪಟ್ಟಿ ಮಾಡಿ, ಅಂಚುಗಳನ್ನು ಕೀಸಿ ನುಣುಪು ಮಾಡಿ, ತುದಿಗಳಿಗೆ ರಬ್ಬರ್ ತುಂಡು ಸಿಕ್ಕಿಸಿ. ಹಸಿ ಬಿದಿರು ಬೇಡ. ಅದು ಬಗ್ಗಿದ ಹಾಗೆಯೇ ಉಳಿದುಬಿಡುತ್ತದೆ. ಅಡಿಕೆ ದಬ್ಬೆಯನ್ನೂ ಬಳಸಿ ನೋಡಿದ್ದೇನೆ: ಬಲ ಚೆನ್ನಾಗಿದೆ, ಆದರೆ ನಾರು ಎದ್ದು ಕೈಗೆ ಸಿಬಿರು ಚುಚ್ಚುತ್ತದೆ. ನನ್ನ ಮತ ಬಿದಿರಿಗೆ.

ಕೋಲು ಎಷ್ಟು ಒತ್ತುತ್ತಿದೆ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿಯನ್ನು ಮಂಚದೊಳಗಿಟ್ಟು ಅದರ ಮೇಲೆಯೇ ಕೋಲು ನಿಲ್ಲಿಸಿ ನೋಡಿ. ತಕ್ಕಡಿಯ ಎತ್ತರದಷ್ಟು ಮೇಲಿನ ಹಲಗೆಯನ್ನು ಏರಿಸಿಕೊಳ್ಳುವುದನ್ನು ಮರೆಯಬೇಡಿ; ಇಲ್ಲವಾದರೆ ಕೋಲು ಹೆಚ್ಚು ಬಾಗಿ ಹೆಚ್ಚು ಒತ್ತಿದಂತೆ ತೋರುತ್ತದೆ. ಎರಡರಿಂದ ನಾಲ್ಕು ಕಿಲೋ ತೋರಿಸಿದರೆ ಸಾಕು. ಹೆಚ್ಚು ಒತ್ತಿದರೆ ಅಂಟೆಲ್ಲ ಹಿಂಡಿ ಹೊರಬಂದು ಬೆಸುಗೆ ಬರಡಾಗುತ್ತದೆ.

ಮುಖ ಮತ್ತು ಬೆನ್ನಿನ ಹಲಗೆಗಳನ್ನು ಪಕ್ಕೆಗೆ ಅಂಟಿಸಲು ಸುತ್ತಲೂ ಮೂವತ್ತರಷ್ಟು ಕ್ಲ್ಯಾಂಪುಗಳು ಬೇಕು. 6 ಮಿ.ಮೀ. ಥ್ರೆಡ್ ಕಡ್ಡಿಯನ್ನು ಒಂದು ಗೇಣುದ್ದಕ್ಕೆ ಕತ್ತರಿಸಿ, ಎರಡು ಮರದ ಬಿಲ್ಲೆಗಳಿಗೆ ತೂತು ಕೊರೆದು ಪೋಣಿಸಿ, ಒಂದು ತುದಿಗೆ ನಟ್ಟು, ಇನ್ನೊಂದಕ್ಕೆ ಕಿವಿನಟ್ಟು ಹಾಕಿ. ಬಿಲ್ಲೆಯ ಒಳಮುಖಕ್ಕೆ ಹಳೆಯ ಚಪ್ಪಲಿಯ ಚರ್ಮ ಅಂಟಿಸಿ. ಪಕ್ಕೆಯ ಒಳಗೆ ಲೈನಿಂಗ್ ಪಟ್ಟಿ (ಮುಖ, ಬೆನ್ನಿನ ಹಲಗೆಗಳು ಅಂಟಿಕೊಳ್ಳಲು ಅಂಚಿಗೆ ಕೊಡುವ ಮರದ ಪಟ್ಟಿ) ಅಂಟಿಸುವಾಗ ತೋಟದ ಪಿವಿಸಿ ಪೈಪನ್ನು ಇಂಚಿನಷ್ಟು ಅಗಲದ ಬಳೆಗಳಾಗಿ ಕೊಯ್ದು, ಪ್ರತಿ ಬಳೆಯಲ್ಲೂ ಒಂದು ಸೀಳು ಬಿಟ್ಟುಕೊಳ್ಳಿ. ಅವೇ ಸ್ಪ್ರಿಂಗ್ ಕ್ಲಿಪ್ಪುಗಳಾಗುತ್ತವೆ. ತೋಟವಿರುವ ಯಾವ ಮನೆಯ ಕೊಟ್ಟಿಗೆಯಲ್ಲೂ ಇಂಥ ಪೈಪಿನ ತುಂಡುಗಳಿಗೆ ಬರವಿಲ್ಲ.

ಬಗ್ಗಿಸಿದ ಪಕ್ಕೆಗಳನ್ನು ಆಕಾರದಲ್ಲಿ ಹಿಡಿದಿಡುವ ಅಚ್ಚಿನ ವಿಷಯದಲ್ಲಿ ಮಾತ್ರ ಅವಸರ ಬೇಡ. 18 ಮಿ.ಮೀ. ಪ್ಲೈವುಡ್ಡಿನ ಪದರಗಳನ್ನು ಗಿಟಾರಿನ ಅರ್ಧ ಆಕಾರಕ್ಕೆ ಕೊಯ್ದು, ಒಂದರ ಮೇಲೊಂದು ಅಂಟಿಸಿ, ಎರಡು ಅರ್ಧಗಳನ್ನು ಬೋಲ್ಟಿನಿಂದ ಜೋಡಿಸಬೇಕು. ಡ್ರೆಡ್‌ನಾಟ್ ಎಂಬ ದೊಡ್ಡ ಪೆಟ್ಟಿಗೆಯ ಮಾದರಿಯಾದರೆ ಕೆಳಭಾಗದ ಅಗಲ ಸುಮಾರು 40 ಸೆಂ.ಮೀ., ಉದ್ದ ಸುಮಾರು 51 ಸೆಂ.ಮೀ. ಒಳಮುಖ ಲಂಬವಾಗಿದೆಯೇ ಎಂದು ಮೂಲೆಮಟ್ಟ ಹಿಡಿದು ಸುತ್ತಲೂ ನೋಡಿ. ಅಚ್ಚು ವಾಲಿದ್ದರೆ ಗಿಟಾರೂ ವಾಲುತ್ತದೆ.

ಪ್ರಶ್ನೆ: ಮೂವತ್ತು ವರ್ಷದಿಂದ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಬಂದವನು ನಾನು. ಮೊಮ್ಮಗನಿಗೆ ಗಿಟಾರ್ ಮಾಡಿಕೊಡಬೇಕು. ನನ್ನ ಹತ್ತಿರ ಇರುವ ಹತಾರಗಳು ಸಾಲುತ್ತವೆಯೇ?
— ಬಡಗಿ ಮೇಸ್ತ್ರಿ, ತೀರ್ಥಹಳ್ಳಿ

ಉತ್ತರ: ಮೇಸ್ತ್ರಿಗಳೇ, ನಿಮ್ಮ ಪೆಟ್ಟಿಗೆಯಲ್ಲಿ ಮುಕ್ಕಾಲು ಭಾಗ ಆಗಲೇ ಇದೆ. ಬದಲಾಗಬೇಕಾದದ್ದು ದಪ್ಪದ ಲೆಕ್ಕ. ಬಾಗಿಲಿನ ಹಲಗೆಯನ್ನು ನೀವು ಇಂಚಿನಲ್ಲಿ ಎಣಿಸುತ್ತೀರಿ. ಗಿಟಾರಿನ ಮುಖದ ಹಲಗೆ ಮೂರು ಮಿಲಿಮೀಟರಿಗಿಂತ ಕಡಿಮೆ, ಪಕ್ಕೆ ಎರಡು ಮಿಲಿಮೀಟರಿನ ಆಸುಪಾಸು. ಆರು ಉಕ್ಕಿನ ತಂತಿಗಳು ಒಟ್ಟು 70 ಕಿಲೋಗೂ ಹೆಚ್ಚಿನ ಬಲದಿಂದ ಎಳೆಯುತ್ತವೆ. ಅಷ್ಟು ತೆಳುವಾದ ಹಲಗೆ ಆ ಎಳೆತವನ್ನು ತಡೆದುಕೊಂಡೂ ಕಂಪಿಸಬೇಕು. ಕಾಲು ಮಿಲಿಮೀಟರ್ ಹೆಚ್ಚಾದರೂ ನಾದ ಮಂಕಾಗುತ್ತದೆ.

ಆದ್ದರಿಂದ ಮೊದಲು ದಪ್ಪ ಅಳೆಯುವ ಕಾಲಿಪರ್ ಮಾಡಿಕೊಳ್ಳಿ. ಗಟ್ಟಿ ಮರದಲ್ಲಿ ಉದ್ದ ಬಾಯಿಯ ಕಮಾನು ಕೊಯ್ದು, ಮೇಲಿನ ತುದಿಗೆ ಡಯಲ್ ಗೇಜು, ಕೆಳಗಿನ ತುದಿಗೆ ದುಂಡುತಲೆಯ ಬೋಲ್ಟು ಕೂರಿಸಿ. ಬಾಯಿಯ ಆಳ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿದ್ದರೆ ಹಲಗೆಯ ನಡುಭಾಗವನ್ನೂ ಅಳೆಯಬಹುದು. ಡಯಲ್ ಗೇಜೊಂದನ್ನು ಬಿಟ್ಟರೆ ಬೇರೆ ಖರ್ಚಿಲ್ಲ.

ಎರಡನೆಯದು ಕೆರೆಯುವ ತಗಡು. ಕೊನೆಯ ಅರ್ಧ ಮಿಲಿಮೀಟರನ್ನು ಕೀಸುಳಿಯಿಂದ ತೆಗೆಯಲು ಹೋದರೆ ಎಳೆ ತಿರುಗಿದ ಕಡೆ ಮರ ಕಿತ್ತುಬರುತ್ತದೆ. ಬೀಟೆಯಲ್ಲಂತೂ ಹೀಗಾಗುವುದು ಖಂಡಿತ. ಸಾಮಿಲ್ಲಿನವರು ಎಸೆಯುವ ಬ್ಯಾಂಡ್ ಗರಗಸದ ಹಳೆ ಬ್ಲೇಡನ್ನು ತನ್ನಿ. ಅಂಗೈಯಗಲದ ತುಂಡು ಮಾಡಿ, ಅಂಚನ್ನು ಅರದಿಂದ ಚಚ್ಚೌಕಗೊಳಿಸಿ, ಸಾಣೆಕಲ್ಲಿನ ಮೇಲೆ ನುಣುಪು ಮಾಡಿ, ಆಮೇಲೆ ಗಟ್ಟಿ ಸ್ಕ್ರೂಡ್ರೈವರಿನ ದುಂಡು ಕಡ್ಡಿಯಿಂದ ಅಂಚನ್ನು ಒತ್ತಿ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಯೊಂದು ಅಂಚಿನಲ್ಲಿ ಏಳುತ್ತದೆ, ಬೆರಳಿಗೆ ಮಾತ್ರ ತಿಳಿಯುತ್ತದೆ. ತಗಡನ್ನು ಎರಡು ಹೆಬ್ಬೆರಳಿನಿಂದ ಸ್ವಲ್ಪ ಬಗ್ಗಿಸಿ ಮುಂದಕ್ಕೆ ತಳ್ಳಿ. ಪುಡಿ ಬಂದರೆ ಕೊಕ್ಕೆ ಸರಿಯಾಗಿಲ್ಲ. ತೆಳ್ಳನೆಯ ಸುರುಳಿ ಬಂದರೆ ಸರಿಯಾಗಿದೆ. ಒತ್ತುತ್ತಾ ಹೋದರೆ ತಗಡು ಬಿಸಿಯಾಗುತ್ತದೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ.

ಇನ್ನೊಂದು ಮಾತು. ಬಾಗಿಲಿಗೆ ಬಳಸುವ ಸಾಮಾನ್ಯ ಬಿಳಿ ಅಂಟನ್ನು ಬ್ರಿಡ್ಜಿಗೂ (ಮುಖದ ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ತುಂಡು) ನೆಕ್ಕಿಗೂ ಬಳಸಬೇಡಿ. ಸದಾ ಎಳೆತವಿರುವ ಕಡೆ, ಅದರಲ್ಲೂ ಬಿಸಿಲಿಗೆ ಕಾದಾಗ, ಅದು ಮೆಲ್ಲಗೆ ಜಾರುತ್ತದೆ. ಅಲ್ಲಿಗೆ ಹಳದಿ ಬಣ್ಣದ ಅಲಿಫ್ಯಾಟಿಕ್ ಅಂಟು ಅಥವಾ ಬಿಸಿ ಮಾಡಿ ಹಚ್ಚುವ ಪ್ರಾಣಿಜನ್ಯ ವಜ್ರದಂಟು ಬೇಕು.

ಪ್ರಶ್ನೆ: ಆಗುಂಬೆಗೆ ಹತ್ತಿರ ನಮ್ಮ ಮನೆ. ಕೊಂಡು ತಂದ ಗಿಟಾರಿನ ಹೊಟ್ಟೆ ಮಳೆಗಾಲದಲ್ಲಿ ಉಬ್ಬಿ, ತಂತಿಗಳು ಮೇಲೆದ್ದು ನುಡಿಸಲಾಗದಂತಾಯಿತು. ಈಗ ನಾನೇ ಒಂದು ಗಿಟಾರ್ ಮಾಡಲು ಹೊರಟಿದ್ದೇನೆ. ನಮ್ಮಂಥ ಊರಿನಲ್ಲಿ ಇದು ಸಾಧ್ಯವೇ?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಧ್ಯ. ಆದರೆ ನೀವು ಕೊಳ್ಳಬೇಕಾದ ಮೊದಲ ಹತಾರ ಗಾಳಿಯ ತೇವ ತೋರಿಸುವ ತೇವಮಾಪಕ. ಗರಗಸ, ಉಳಿ ಎಲ್ಲ ಅದರ ನಂತರ.

ಕಾರಣ ಹೇಳುತ್ತೇನೆ. ಗಿಟಾರಿನ ಪೆಟ್ಟಿಗೆಯನ್ನು ಜೋಡಿಸುವಾಗ ಗಾಳಿಯ ತೇವ ನೂರಕ್ಕೆ 45ರಿಂದ 50ರಷ್ಟಿರಬೇಕು ಎಂಬುದು ಹೆಚ್ಚಿನ ತಯಾರಕರು ಪಾಲಿಸುವ ನಿಯಮ. ಆಷಾಢದಲ್ಲಿ ನಿಮ್ಮ ಕಡೆ ಅದು 85ರ ಮೇಲೆಯೇ ನಿಂತಿರುತ್ತದೆ. ಸ್ಪ್ರೂಸ್ ಮರದ 40 ಸೆಂ.ಮೀ. ಅಗಲದ ಹಲಗೆ 50ರ ತೇವದಿಂದ 85ರ ತೇವಕ್ಕೆ ಹೋದರೆ ಅಡ್ಡಲಾಗಿ ಐದು ಮಿಲಿಮೀಟರಿನಷ್ಟು ಹಿಗ್ಗಬಲ್ಲದು. ಗಿಟಾರಿನಲ್ಲಿ ಆ ಹಲಗೆಯ ಅಂಚು ಸುತ್ತಲೂ ಅಂಟಿಕೊಂಡಿರುವುದರಿಂದ ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲ, ಮೇಲಕ್ಕೆ ಉಬ್ಬುತ್ತದೆ. ನಿಮ್ಮ ಗಿಟಾರಿಗೆ ಆದದ್ದು ಇದೇ. ಇದಕ್ಕಿಂತ ಕೆಟ್ಟದ್ದು ಇದರ ತಿರುವುಮುರುವು: ಮಳೆಗಾಲದಲ್ಲಿ ಉಬ್ಬಿದ ಹಲಗೆಯನ್ನು ಹಾಗೆಯೇ ಅಂಟಿಸಿದರೆ, ಬೇಸಿಗೆಯಲ್ಲಿ ಅದು ಕುಗ್ಗಲು ಹೋಗಿ ನಡುವೆ ಸೀಳುತ್ತದೆ. ಉಬ್ಬು ಇಳಿಯುತ್ತದೆ, ಸೀಳು ಕೂಡುವುದಿಲ್ಲ.

ಅಗ್ಗದ ತೇವಮಾಪಕಗಳು ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಕೆಸರಾಗುವಷ್ಟೇ ನೀರು ಬೆರೆಸಿ. ಮಾಪಕವನ್ನೂ ಮುಚ್ಚಳವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗೆ ಇಟ್ಟು ರಾತ್ರಿಯಿಡೀ ಬಿಡಿ. ಉಪ್ಪಿನ ಕೆಸರಿನ ಮೇಲಿನ ಗಾಳಿಯ ತೇವ ನೂರಕ್ಕೆ 75ಕ್ಕೆ ಬಂದು ನಿಲ್ಲುತ್ತದೆ. ಇದು ಪ್ರಕೃತಿಯೇ ಕೊಟ್ಟ ಅಳತೆಗೋಲು. ಬೆಳಗ್ಗೆ ನಿಮ್ಮ ಮಾಪಕ 80 ತೋರಿಸಿದರೆ ಅದು ಐದು ಹೆಚ್ಚು ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಅದರ ಬೆನ್ನಿಗೆ ಬರೆದು ಅಂಟಿಸಿ.

ಅಂಟು ಹಾಕುವ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಿ. ಅಂಗಳದಲ್ಲಿ ಅಡಿಕೆ ಚೆನ್ನಾಗಿ ಒಣಗುವ ದಿನಗಳೇ ನಮಗೂ ಒಳ್ಳೆಯ ದಿನಗಳು, ಅದರಲ್ಲೂ ಮಂಜು ಕರಗಿದ ಮೇಲಿನ ಮಧ್ಯಾಹ್ನಗಳು. ಮಳೆಗಾಲದಲ್ಲಿ ಅಚ್ಚು, ಕ್ಲ್ಯಾಂಪು, ಬಿದಿರ ಕೋಲು, ನೆಕ್ಕಿನ ಒರಟು ಕೆಲಸ ಮಾಡಿಕೊಳ್ಳಬಹುದು. ನಿಮ್ಮಲ್ಲಿ ಒಲೆಯ ಮೇಲಿನ ಅಟ್ಟ ಇನ್ನೂ ಇದ್ದರೆ ನೆಕ್ಕಿನ ಮರವನ್ನು, ಪೆಟ್ಟಿಗೆಯ ಒಳಗೆ ಎರಡು ತುದಿಗೆ ಕೂರಿಸುವ ಕಟ್ಟೆಗಳ ಮರವನ್ನು ಅಲ್ಲಿಟ್ಟು ಒಣಗಿಸಿ. ತೆಳು ಹಲಗೆಗಳನ್ನು ಅಲ್ಲಿಡಬೇಡಿ. ತಿರುಚಿಕೊಳ್ಳುತ್ತವೆ, ಮಸಿಯೂ ಹಿಡಿಯುತ್ತದೆ.

ಮಳೆಗಾಲದಲ್ಲೇ ಅಂಟಿಸಲೇಬೇಕು ಎಂದರೆ ಹಳೆಯ ಬೀರುವೊಂದನ್ನು ಒಣ ಪೆಟ್ಟಿಗೆ ಮಾಡಿಕೊಳ್ಳಿ. ತಳದಲ್ಲಿ ತಂತಿಬಲೆಯ ಮರೆಯಲ್ಲಿ ಒಂದು ಫಿಲಮೆಂಟ್ ಬಲ್ಬು, ಕೆಳಗೆ ಮೇಲೆ ಎರಡು ಸಣ್ಣ ಗಾಳಿತೂತು, ಬಾಗಿಲಿನ ಒಳಗೆ ತೇವಮಾಪಕ. ಎಲ್‌ಇಡಿ ಬಲ್ಬು ನಡೆಯುವುದಿಲ್ಲ, ಅದರ ಕಾವು ಸಾಲದು. 25 ಡಿಗ್ರಿಯಲ್ಲಿ 85 ಇರುವ ಗಾಳಿಯನ್ನು ಅದರಲ್ಲಿರುವ ನೀರಿನಂಶ ಬದಲಿಸದೆ 35 ಡಿಗ್ರಿಗೆ ಕಾಯಿಸಿದರೆ ತೇವದ ಅಂಕಿ 48ಕ್ಕೆ ಇಳಿಯುತ್ತದೆ. ಹಲಗೆಗಳ ನಡುವೆ ಕಡ್ಡಿಯಿಟ್ಟು ಗಾಳಿಯಾಡಲು ಬಿಡಿ. ಒಂದೆರಡು ವಾರ ಒಣಗಿದ ಹಲಗೆಯನ್ನು ಹೊರತೆಗೆದು, ಅಂಟಿಸಿ, ಅಂಟು ಹಿಡಿದ ಕೂಡಲೇ ಮತ್ತೆ ಒಳಗಿಡಬೇಕು. ಬಲ್ಬಿನ ಸಮೀಪ ಮರದ ಪುಡಿ, ಬಟ್ಟೆ, ಕಾಗದ ಇರಲೇಕೂಡದು. ಮನೆಯಿಂದ ಹೊರಗೆ ಹೋಗುವಾಗ ಬಲ್ಬು ಆರಿಸಿ ಹೋಗಿ.

ಉಬ್ಬಿದ ಹಳೆಯ ಗಿಟಾರಿನ ತಂತಿಗಳನ್ನು ಸಡಿಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಬ್ರಿಡ್ಜಿನ ಹಿಂಬದಿಯ ಅಂಚಿಗೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋಗದಿದ್ದರೆ ಬ್ರಿಡ್ಜ್ ಕಿತ್ತುಬಂದಿಲ್ಲ ಎಂದರ್ಥ; ಬೇಸಿಗೆಯ ಹೊತ್ತಿಗೆ ಗಿಟಾರ್ ತಾನಾಗಿಯೇ ಬಹುಪಾಲು ಸರಿಹೋಗುತ್ತದೆ.

ಪ್ರಶ್ನೆ: ಪಕ್ಕೆ ಬಗ್ಗಿಸುವ ಬಿಸಿ ಕಬ್ಬಿಣವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ? ನೀರಿನಲ್ಲಿ ಎಷ್ಟು ದಿನ ನೆನೆಸಬೇಕು?
— ಐಟಿಐ ವಿದ್ಯಾರ್ಥಿ, ಸಾಗರ

ಉತ್ತರ: ದಿನಗಟ್ಟಲೆ ನೆನೆಸುವುದು ಬೇಡವೇ ಬೇಡ. ಮರ ಬಾಗುವುದು ಕಾವಿನಿಂದ. ನೀರು ಆ ಕಾವನ್ನು ಒಳಕ್ಕೆ ಒಯ್ಯಲು, ಮೇಲ್ಮೈ ಸುಡದಂತೆ ಕಾಯಲು ಮಾತ್ರ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ಬಿಸಿಗೆ ಮೆತ್ತಗಾಗುತ್ತದೆ, ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ಬಿದಿರು ಕೆಲಸದವರು ಕೆಂಡದ ಮೇಲೆ ಹಿಡಿದು ಕೋಲು ತಿದ್ದುವುದೂ ಇದೇ ಗುಣದಿಂದ.

ಗುಜರಿ ಅಂಗಡಿಯಲ್ಲಿ ಎರಡರಿಂದ ಎರಡೂವರೆ ಇಂಚು ವ್ಯಾಸದ, ದಪ್ಪ ಗೋಡೆಯ ಕಪ್ಪು ಕಬ್ಬಿಣದ ಪೈಪ್ ಹುಡುಕಿ. ಸತು ಲೇಪನದ ನೀರಿನ ಪೈಪ್ ಬೇಡ. ಜ್ವಾಲೆ ನೇರ ತಾಗುವಲ್ಲಿ ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಒಂದೂವರೆ ಗೇಣು ಉದ್ದದ ತುಂಡಿಗೆ ಫ್ಲ್ಯಾಂಜ್ (ಬೋಲ್ಟಿಗೆ ತೂತುಗಳಿರುವ ದಪ್ಪ ಬಿಲ್ಲೆ) ಬೆಸುಗೆ ಹಾಕಿಸಿ, ಮೇಜಿನ ಅಂಚಿಗೆ ಅಡ್ಡಲಾಗಿ ಬಿಗಿಯಿರಿ. ಮೇಜಿಗೂ ಫ್ಲ್ಯಾಂಜಿಗೂ ನಡುವೆ ದಪ್ಪ ತಗಡು ಕೊಡಿ. ಹಿಂಬದಿಯಿಂದ ಗ್ಯಾಸ್ ಟಾರ್ಚಿನ ಜ್ವಾಲೆ ಪೈಪಿನೊಳಗೆ ಹೋಗಲಿ, ಮುಂದಿನ ಬಾಯಿ ಅರ್ಧ ತೆರೆದಿರಲಿ. ಕೆಲಸ ಬಯಲಲ್ಲಿ ಅಥವಾ ಗಾಳಿಯಾಡುವ ಜಗಲಿಯಲ್ಲಿ ನಡೆಯಬೇಕು, ಪಕ್ಕದಲ್ಲಿ ತುಂಬಿದ ಬಕೆಟ್ ಇರಬೇಕು. ಹೀಟರ್ ಕಾಯಿಲನ್ನು ನೀವೇ ಪೈಪಿನೊಳಗೆ ಸುತ್ತಿ ಕರೆಂಟು ಕೊಡುವ ಉಪಾಯವನ್ನು ಕೆಲವರು ಬರೆದು ಕೇಳಿದ್ದಾರೆ. ಒದ್ದೆ ಮರ, ಒದ್ದೆ ಕೈ, ಕಬ್ಬಿಣ ಮೂರೂ ಸೇರುವ ಜಾಗ ಅದು. ದಯವಿಟ್ಟು ಅದನ್ನು ಮಾಡಬೇಡಿ.

ಪೈಪಿನ ಮೇಲೆ ನೀರು ಚಿಮುಕಿಸಿ. ಹನಿ ಚುರ್ ಎಂದು ಆವಿಯಾದರೆ ಹದ ಬಂದಿದೆ. ಗುಂಡಾಗಿ ಪುಟಿದು ಓಡಿದರೆ ಕಾವು ಹೆಚ್ಚಾಗಿದೆ, ಮರ ಸುಡುತ್ತದೆ. ಪಕ್ಕೆಯ ಹಲಗೆ ಎರಡು ಮಿಲಿಮೀಟರಿಗೆ ಬಂದಿರಬೇಕು, ಎಲ್ಲ ಕಡೆ ಒಂದೇ ದಪ್ಪವಿರಬೇಕು. ಒಂದೆಡೆ ತೆಳುವಾಗಿದ್ದರೆ ಬಾಗುವ ಬದಲು ಅಲ್ಲೇ ಮಡಿಚಿಕೊಳ್ಳುತ್ತದೆ. ಹತ್ತು ನಿಮಿಷ ನೀರಿನಲ್ಲಿಟ್ಟು ತೆಗೆದು, ಸೊಂಟದ ಜಾಗದಿಂದ ಶುರುಮಾಡಿ. ಹಲಗೆಯನ್ನು ಪೈಪಿಗೆ ಒತ್ತಿ ಹಿಡಿದು, ಸಣ್ಣಗೆ ಹಿಂದೆ ಮುಂದೆ ಆಡಿಸುತ್ತಾ ಕಾಯಿರಿ. ಬಲ ಹಾಕಬೇಡಿ. ಮೊದಲು ಆವಿ ಏಳುತ್ತದೆ, ಮರದ ವಾಸನೆ ಬರುತ್ತದೆ. ಬೀಟೆಯಾದರೆ ಗುಲಾಬಿಯ ನಸು ಪರಿಮಳ. ಅಷ್ಟು ಹೊತ್ತು ಎದುರು ನಿಂತಿದ್ದ ಹಲಗೆ ಒಂದು ಕ್ಷಣದಲ್ಲಿ ಒದ್ದೆ ಚರ್ಮದಂತೆ ಕೈಯಡಿ ಸಡಿಲುತ್ತದೆ. ಆ ಸಡಿಲಿಕೆ ಅಂಗೈಗೆ ತಿಳಿದಾಗಷ್ಟೇ ಬಗ್ಗಿಸಿ. ಆಕಾರ ಬಂದ ಮೇಲೆ ಪೈಪಿನಿಂದ ತೆಗೆದು, ತಣಿಯುವ ತನಕ ಕೈಯಲ್ಲೇ ಹಿಡಿದಿರಿ. ಮುಂದಿನ ಎರಡು ಬೆರಳಗಲಕ್ಕೆ ಮತ್ತೆ ಇದೇ ಕ್ರಮ.

ಹೊರಮೈಯ ನಾರು ಏಳುತ್ತಿದ್ದರೆ ತೆಳು ಸ್ಟೀಲ್ ತಗಡಿನ ಪಟ್ಟಿಯನ್ನು ಹಲಗೆಯ ಹೊರಬದಿಗೆ ಆನಿಸಿ, ಎರಡನ್ನೂ ಒಟ್ಟಿಗೆ ಬಗ್ಗಿಸಿ. ಅಮೆರಿಕದ ಚಾರ್ಲ್ಸ್ ಫಾಕ್ಸ್ ರೂಪಿಸಿದ, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬಗ್ಗಿಸುವ ಯಂತ್ರದಲ್ಲೂ ಹಲಗೆಯನ್ನು ಸ್ಟೀಲ್ ತಗಡುಗಳ ನಡುವೆಯೇ ಇಡುತ್ತಾರೆ. ವರ್ಷಕ್ಕೆ ಹತ್ತಾರು ಗಿಟಾರ್ ಮಾಡುವವರಿಗೆ ಆ ಯಂತ್ರ ಬೇಕು. ನಿಮಗೆ ಪೈಪು ಸಾಕು, ಮರವನ್ನು ಕೈಯಲ್ಲಿ ಓದುವುದನ್ನೂ ಅದೇ ಕಲಿಸುತ್ತದೆ.

ಪ್ರಶ್ನೆ: ಲೇತ್ ಕೆಲಸ ಮಾಡುತ್ತೇನೆ. ಫ್ರೆಟ್ ಗರಗಸದ ಬದಲು ಹ್ಯಾಕ್ಸಾ ಬ್ಲೇಡ್ ಬಳಸಬಹುದೇ? ಫ್ರೆಟ್ಟುಗಳ ಅಂತರದ ಲೆಕ್ಕವನ್ನೂ ತಿಳಿಸಿ.
— ಭದ್ರಾವತಿಯ ಓದುಗ

ಉತ್ತರ: ಹ್ಯಾಕ್ಸಾ ಬೇಡ, ಅದರ ಗಾಡಿ ಅಗಲವಾಗುತ್ತದೆ. ಫ್ರೆಟ್ ತಂತಿಯ ಕಾಲು ಕೂರಲು 0.6 ಮಿ.ಮೀ.ನಷ್ಟು ಅಗಲದ ಗಾಡಿ ಬೇಕು. ಸ್ವಲ್ಪ ಅಗಲವಾದರೂ ಫ್ರೆಟ್ ಸಡಿಲ, ಸ್ವಲ್ಪ ಕಿರಿದಾದರೂ ಇಪ್ಪತ್ತು ಫ್ರೆಟ್ಟುಗಳು ಇಪ್ಪತ್ತು ಬೆಣೆಗಳಂತೆ ಸೇರಿ ನೆಕ್ಕನ್ನೇ ಹಿಂದಕ್ಕೆ ಬಾಗಿಸುತ್ತವೆ. ಫ್ರೆಟ್ ಗರಗಸ ಸಿಗದಿದ್ದರೆ, ಬೆನ್ನಿಗೆ ಹಿತ್ತಾಳೆ ಪಟ್ಟಿಯಿರುವ ತೆಳು ಬ್ಲೇಡಿನ ಸಣ್ಣ ಗರಗಸ ಕೊಂಡು, ಹಲ್ಲುಗಳು ಎಡಬಲಕ್ಕೆ ಚಾಚಿದ್ದನ್ನು ಎಣ್ಣೆಕಲ್ಲಿನ ಮೇಲೆ ಎರಡೂ ಬದಿಯಿಂದ ಸಮನಾಗಿ ಉಜ್ಜಿ ತಗ್ಗಿಸಿ. ರದ್ದಿ ಮರದಲ್ಲಿ ಕೊಯ್ದು, ಗಾಡಿಯನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು) ಅಳೆಯಿರಿ. ನೀವು ಲೇತ್ ಕೆಲಸದವರು, ಈ ಅಳತೆಯ ಮರ್ಯಾದೆ ನಿಮಗೆ ಹೇಳಿಕೊಡಬೇಕಾಗಿಲ್ಲ.

ಲೆಕ್ಕ ಸುಲಭ. ನಟ್ಟಿನಿಂದ (ಇಲ್ಲಿ ಬೋಲ್ಟಿನ ನಟ್ಟಲ್ಲ, ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) ಸ್ಯಾಡಲ್ಲಿನವರೆಗಿನ (ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಪಟ್ಟಿ) ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದರ ದೂರ. ಉದ್ದ 650 ಮಿ.ಮೀ. ಇದ್ದರೆ ಮೊದಲನೆಯದು ನಟ್ಟಿನಿಂದ 36.48ರಲ್ಲಿ, ಎರಡನೆಯದು 70.92ರಲ್ಲಿ, ಮೂರನೆಯದು 103.42ರಲ್ಲಿ. ಹನ್ನೆರಡನೆಯದು ಸರಿಯಾಗಿ 325ಕ್ಕೆ ಬರಬೇಕು. ಬಾರದಿದ್ದರೆ ಲೆಕ್ಕದಲ್ಲೆಲ್ಲೋ ದೋಷವಿದೆ. ಗುರುತು ಹಾಕುವಾಗ ಒಂದು ಫ್ರೆಟ್ಟಿನಿಂದ ಮುಂದಿನದನ್ನು ಅಳೆಯಬೇಡಿ, ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಸ್ಕೇಲನ್ನು ನಟ್ಟಿಗೆ ಆನಿಸಿಟ್ಟು, ಕದಲಿಸದೆ, ಎಲ್ಲವನ್ನೂ ಅಲ್ಲಿಂದಲೇ ಗುರುತಿಸಿ. ಕಂಪ್ಯೂಟರಿನಿಂದ ಮುದ್ರಿಸಿಕೊಂಡ ನಕ್ಷೆಯನ್ನು ಅಂಟಿಸುವುದಾದರೂ ಮೊದಲು ಉಕ್ಕಿನ ಸ್ಕೇಲಿನಿಂದ ಹನ್ನೆರಡನೆಯ ಫ್ರೆಟ್ಟನ್ನು ಪರೀಕ್ಷಿಸಿ. ಪ್ರಿಂಟರುಗಳು ಅಳತೆ ಕುಗ್ಗಿಸುವುದುಂಟು.

ಪ್ರಶ್ನೆ: ನಟ್ಟಿನಲ್ಲಿ ತಂತಿ ಕೂರುವ ಗೀರು ಮಾಡುವ ಅರಗಳ ಬೆಲೆ ಕೇಳಿ ಗಾಬರಿಯಾಯಿತು. ಬದಲಿ ಏನಾದರೂ ಇದೆಯೇ?
— ಹೊಸನಗರ

ಉತ್ತರ: ಗ್ಯಾಸ್ ವೆಲ್ಡಿಂಗಿನವರು ನಳಿಗೆಯ ಮೂತಿ ಶುಚಿ ಮಾಡಲು ಬಳಸುವ ಸಣ್ಣ ದುಂಡು ಅರಗಳ ಕಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ದಪ್ಪ ತಂತಿಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. 0.3 ಮಿ.ಮೀ.ನ ಮೊದಲ ತಂತಿಗೆ ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ ಫೀಲರ್ ಗೇಜ್ ಎಲೆಯ ಅಂಚಿಗೆ ಮುಮ್ಮೂಲೆ ಅರದಿಂದ ಹಲ್ಲು ಕಚ್ಚಿಸಿ ಗರಗಸ ಮಾಡಿಕೊಳ್ಳಿ. ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಆ ಗೇಜು ಸಿಗುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಬೀಟೆ ಮರವೊಂದು ಬಿದ್ದಿದೆ. ಗಿಟಾರಿಗೆ ಕೊಯ್ಸಬಹುದೇ? ಬೀಟೆ ಇಲ್ಲದೆ ಒಳ್ಳೆಯ ಗಿಟಾರ್ ಆಗುವುದಿಲ್ಲವೇ?
— ಕೊಪ್ಪ

ಉತ್ತರ: ಬಿದ್ದ ಮರವಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆಯನ್ನು ಮುಟ್ಟಬೇಡಿ. ಮೊದಲು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ವನ್ಯಸಂಪತ್ತಿನ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೂ ಬೀಟೆಯ ಇಡೀ ಕುಲ 2017ರಲ್ಲಿ ಸೇರಿದೆ. ಪೂರ್ಣಗೊಂಡ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಬಿಡಿ ಮರಕ್ಕೆ ಸಿಕ್ಕಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಸ್ಪೇನಿನ ಆಂಟೋನಿಯೊ ದೆ ಟೋರೆಸ್ 1862ರಲ್ಲೇ ಕೊಟ್ಟಿದ್ದಾರೆ. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪ ಬಹುಮಟ್ಟಿಗೆ ಅವರದೇ. ನಾದವನ್ನು ನಿರ್ಧರಿಸುವುದು ಮುಖದ ಹಲಗೆ ಎಂದು ತೋರಿಸಲು ಅವರು ಬೆನ್ನನ್ನೂ ಪಕ್ಕೆಯನ್ನೂ ಕಾಗದದ ರಟ್ಟಿನಲ್ಲಿ ಮಾಡಿ ಒಂದು ಗಿಟಾರ್ ಕಟ್ಟಿದರು. ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಡೆಯ ಹಲಸು ವೀಣೆಗೆ ಒಗ್ಗಿದ ಮರ, ಶಿವನೆ ಹಗುರ ಮತ್ತು ಸ್ಥಿರ. ಚೇಗು ಬಲಿತ, ನೇರ ಎಳೆಯ ಹಲಸಿನಲ್ಲಿ ಪಕ್ಕೆ, ಬೆನ್ನು ಎರಡನ್ನೂ ಧೈರ್ಯವಾಗಿ ಮಾಡಿ. ಬೀಟೆಯನ್ನೇ ಬಳಸುವುದಾದರೆ ಮುಖಕ್ಕೆ ಎನ್95 ಮಾಸ್ಕ್ ಇರಲಿ. ಅದರ ಪುಡಿ ಹಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮರದ ಕೆಲಸದಲ್ಲಿ ತುಂಬ ಆಸಕ್ತಿ. ಮುಂದೆ ಗಿಟಾರ್ ಮಾಡುತ್ತೇನೆ ಎನ್ನುತ್ತಾಳೆ. ಅವಳಿಗೆ ಒಂದೇ ಒಂದು ಹತಾರ ಉಡುಗೊರೆ ಕೊಡುವುದಾದರೆ ಯಾವುದು ಕೊಡಲಿ?
— ಶಿಕ್ಷಕಿ, ಸೊರಬ

ಉತ್ತರ: ಒಂದು ಚಾಕು ಕೊಡಿ, ಅಂಗಡಿಯದ್ದಲ್ಲ, ಕುಲುಮೆಯದ್ದು. ಗುಡಿಗಾರರು ಗಂಧದಲ್ಲಿ ಕೆತ್ತುವ ಊರು ನಿಮ್ಮದು. ಸಣ್ಣ ಉಳಿ, ಸಣ್ಣ ಚಾಕು ಬಡಿದುಕೊಡುವ ಕಮ್ಮಾರರು ಎಲ್ಲಿದ್ದಾರೆಂದು ಅವರನ್ನು ಕೇಳಿದರೆ ತಿಳಿಯುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ, ಅಲಗು ನಾಲ್ಕು ಬೆರಳುದ್ದ, ಬೆನ್ನು ಮೂರು ಮಿಲಿಮೀಟರ್ ದಪ್ಪ, ತುದಿ ಓರೆ ಇರುವಂತೆ ಮಾಡಿಸಿ. ಹದ ಹಾಕಿದ ಮೇಲೆ ಅಲಗನ್ನು ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಹಳದಿ ಬಣ್ಣ ಅಂಚಿಗೆ ಬಂದಾಗ ತಣಿಸಬೇಕೆಂದು ಹೇಳಿ. ನೀಲಿಗೆ ಹೋದರೆ ಅಂಚು ಮೆತ್ತಗಾಗುತ್ತದೆ. ಹಿಡಿಕೆಯನ್ನು ಹಾಕಿಸಬೇಡಿ. ತನ್ನ ಕೈಯಳತೆಗೆ ತಕ್ಕ ಹಿಡಿಕೆಯನ್ನು ಅವಳೇ ಮಾಡಿಕೊಳ್ಳಲಿ, ಅದೇ ಮೊದಲ ಪಾಠ.

ಎರಡನೆಯ ಪಾಠ ಹರಿತ ಮಾಡುವುದು. ಗಾಜಿನ ತುಂಡಿನ ಮೇಲೆ ಕ್ರಮವಾಗಿ ನುಣುಪಾಗುತ್ತಾ ಹೋಗುವ ಮೂರು ಬಗೆಯ ವಾಟರ್ ಪೇಪರ್, ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಹತ್ತಾರು ಎಳೆತ. ಮುಂಗೈಯ ರೋಮ ಬೋಳಿಸುವಷ್ಟು ಹರಿತವಾದ ಚಾಕು ಮೊಂಡ ಚಾಕಿಗಿಂತ ಸುರಕ್ಷಿತ, ಏಕೆಂದರೆ ಅದಕ್ಕೆ ಬಲ ಹಾಕಬೇಕಾಗಿಲ್ಲ. ಕೀಸುವಾಗ ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು, ಇನ್ನೊಂದು ಕೈ ಅಲಗಿನ ಹಿಂದೆಯೇ ಇರಬೇಕು. ಇದನ್ನು ನೀವು ಪಕ್ಕದಲ್ಲಿ ಕೂತು ನೋಡಿಕೊಳ್ಳಿ.

ಮೂರನೆಯದಾಗಿ ಅವಳಿಗೆ ಒಂದು ಬ್ರೇಸ್ ಕೆತ್ತಲು ಕೊಡಿ. ನೇರ ಎಳೆಯ ಯಾವುದಾದರೂ ಹಗುರ ಮರದ ಪಟ್ಟಿ ಸಾಕು: ಒಂದು ಗೇಣುದ್ದ, 8 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಅದರ ಮೇಲಂಚನ್ನು ದುಂಡಗೆ ಮಾಡಿ, ಎರಡೂ ತುದಿಗಳನ್ನು ಎರಡು ಮಿಲಿಮೀಟರಿಗೆ ಇಳಿಜಾರಾಗಿ ತರಬೇಕು. ಕೆತ್ತುವ ಮೊದಲು ಒಮ್ಮೆ, ಅರ್ಧದಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಟ್ಟಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕೇಳಲಿ. ಮೂರು ಸಲವೂ ಕೇಳಿದ ಸ್ವರವನ್ನು ಶಾಲೆಯ ಹಾರ್ಮೋನಿಯಂನಲ್ಲಿ ಹುಡುಕಿ ಬರೆದಿಡಲಿ. ಬರೆದದ್ದನ್ನು ನನಗೆ ಕಳಿಸಿ, ಮುಂದಿನ ಕೆಲಸವನ್ನು ಅವಳಿಗೇ ನೇರವಾಗಿ ಬರೆಯುತ್ತೇನೆ.